ನಲವತ್ತೊಂದನೇ ಫೈಲು

ಮಾರ್ಚ್ ೧೨, ಗುರುವಾರ

ನಲವತ್ತೊಂದನೇ ಫೈಲು ತಲೆಯಿಂದ ಹೋಗುತ್ತಿಲ್ಲ. ಮಕ್ಕಳ ಶೋಷಣೆಯ ಹಳೆಯ ಪೊಲೀಸ್ ಫೈಲುಗಳನ್ನು ನಾನೂ ನನ್ನ ವಿದ್ಯಾರ್ಥಿನಿಯೂ ಬೇರೆ ಬೇರೆ ಕೂತು ಓದಿ ಗುರುತು ಹಾಕುತ್ತೇವೆ. ಇಬ್ಬರದೂ ತಾಳೆಯಾದರೆ ಮಾತ್ರ ಅದು ಸಂಶೋಧನೆಗೆ ಸೇರುತ್ತದೆ. ಇದು ಹದಿಮೂರರ ಹುಡುಗಿಯದು. ‘ನಾನೇ ಇಷ್ಟಪಟ್ಟು ಹೋದೆ’ ಎಂದು ಹೇಳಿಕೆಯಿದೆ. ಮನೆ ಬಿಟ್ಟದ್ದು ಹೇಗೆ ಎಂಬ ಕಾಲಂನಲ್ಲಿ ನಾನು ‘ಸ್ವಇಚ್ಛೆ’ ಎಂದು ಹಾಕಿದ್ದೆ, ವಿದ್ಯಾರ್ಥಿನಿ ‘ಬಲವಂತ’ ಎಂದು.

“ಮೇಡಂ, ಹೇಳಿಕೆ ಬರ್ಕೊಳ್ಳೋವಾಗ ಕರ್ಕೊಂಡು ಹೋದವನೇ ಪಕ್ಕದಲ್ಲಿ ಕೂತಿದ್ದ. ಸಾಕ್ಷಿ ಅಂತ ಅವನದೇ ಸಹಿ ಇದೆ, ನೋಡಿ.”

ನೋಡಿದೆ. ಆದರೆ ವರದಿ ನಾಳೆಯೇ ಹೋಗಬೇಕಿತ್ತು.

“ಹೇಳಿಕೇಲಿ ಏನಿದೆಯೋ ಅಷ್ಟೇ ನಮಗೆ ಬೇಕಾಗಿರೋದು. ನಿನ್ನ ಪ್ರಬಂಧಕ್ಕೂ ನಾನೇ ಸಹಿ ಹಾಕ್ಬೇಕು, ನೆನಪಿರಲಿ” ಎಂದೆ, ನಗುತ್ತಲೇ. ತಮಾಷೆಗೆ ಅಂದೆ ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ.

ಅವಳು ರಬ್ಬರು ತೆಗೆದುಕೊಂಡಳು. ಅಳಿಸಿ ಮುಗಿಯುವವರೆಗೂ ನಾನು ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದೆ.

“ನಿಮ್ಮದೇ ಸರಿ ಮೇಡಂ. ನಾನೇ ಒಪ್ಕೊಂಡು ಬದಲಾಯಿಸ್ತಿದೀನಿ” ಎಂದಳು.

ಅದನ್ನೂ ಹಾಗೇ ಬರೆದುಕೊಂಡೆ: ಚರ್ಚೆಯ ನಂತರ ವಿದ್ಯಾರ್ಥಿನಿ ತಾನಾಗಿಯೇ ಒಪ್ಪಿದ್ದಾಳೆ. ಕೆಳಗೆ, ಸಾಕ್ಷಿಗೆ, ನನ್ನ ಸಹಿ.