ಪೆಟ್ಟಿಗೆಯೊಳಗಿನ ಬಾರಿನಲ್ಲಿ ಮಾವ

ಕೋರಮಂಡಲ್ ಗಣಿ ಕಾಲೊನಿಯ ಮಾವನವರಿಗೆ ಅಳಿಯ ಮುನೀಂದ್ರನಾದ ನಾನು ಬೆಂಗಳೂರಿನ ಕುಡಿತ ಬಿಡಿಸುವ ಆಸ್ಪತ್ರೆಯಿಂದಲೇ ಅಡ್ಡಬೀಳುತ್ತೇನೆ. ನಿಮ್ಮ ಕನ್ನಡಕ ಒಡೆದಿದೆಯಂತೆ, ಈ ಕಾರ್ಡನ್ನು ಅತ್ತೆ ಓದಿ ಹೇಳಲಿ.

ಕುಡಿಯುವ ಆಸೆ ಎಷ್ಟಿದೆಯೆಂದು ಇಲ್ಲಿ ಅಳೆಯುತ್ತಾರೆ. ನೀವು ಗಣಿಗೆ ಇಳಿಯುವಾಗ ದೀಪ ಕಟ್ಟಿಕೊಳ್ಳುತ್ತಿದ್ದ ಹಾಗೆ ತಲೆಗೆ ಪಟ್ಟಿ ಬಿಗಿದು, ಕಣ್ಣಿಗೊಂದು ಪೆಟ್ಟಿಗೆ ಕೂರಿಸಿ, ಬೆರಳಿಗೆ ವೈರು ಸಿಕ್ಕಿಸಿದರು. ನೋಡಿದರೆ ಪೆಟ್ಟಿಗೆಯೊಳಗೆ ಒಂದು ಬಾರು! ಬಂಗಾರಪೇಟೆಯ ಬಾರಿಗಿಂತ ಚೊಕ್ಕ, ಎದುರಿಗೆ ತುಂಬಿದ ಗ್ಲಾಸು ಬೇರೆ. "ಆಸೆ ನೂರಕ್ಕೆ ಎಷ್ಟು?" ಎಂದರು ಡಾಕ್ಟರಮ್ಮ. ಸುಳ್ಳು ಯಾಕೆ, ತೊಂಬತ್ತು ಎಂದೆ. ಹಾಗೇ ಕತ್ತು ತಿರುಗಿಸಿದರೆ ಮೂಲೆಯಲ್ಲಿ ಬಿಳಿ ಮೀಸೆ, ಹೆಗಲ ಮೇಲೆ ಟವೆಲ್ಲು, ಥೇಟ್ ನೀವೇ! ನಾನು ದಡಕ್ಕನೆ ಎದ್ದು, ಕೈ ಬೆನ್ನ ಹಿಂದೆ ಮಾಡಿ, "ಮಾವ, ನೀವ್ಯಾವಾಗ ಬಂದ್ರಿ? ನಾ ನೀರು ಕುಡಿಯಾಕೆ ಬಂದಿದ್ನಷ್ಟೇ" ಅಂದುಬಿಟ್ಟೆ. ಡಾಕ್ಟರಮ್ಮ ಮತ್ತೆ ಆಸೆ ಎಷ್ಟೆಂದು ಕೇಳಿದರು. ಸೊನ್ನೆ! ಎದೆಬಡಿತ ಮಾತ್ರ ಏರಿತ್ತಂತೆ, ಅದು ನಿಮ್ಮ ಭಯಕ್ಕೆ. ಮೂಲೆಯಲ್ಲಿದ್ದದ್ದು ಕಂಪ್ಯೂಟರಿನ ಗೊಂಬೆ ಎಂದು ಆಮೇಲೆ ಹೇಳಿದರು. ಈಗ ಎಲ್ಲ ರೋಗಿಗಳಿಗೂ ತೋರಿಸಲು ನಿಮ್ಮ ಫೋಟೋ ಬೇಕಂತೆ.

ಕೈ ನಡುಕ ನಿಂತಿದೆ, ಹೊತ್ತಿಗೆ ಎರಡು ಮುದ್ದೆ ಸೇರುತ್ತಿದೆ. ಇನ್ನಾದರೂ ನಿಮ್ಮ ಮಗಳು ಸುಮಲತಾಳನ್ನು ನನ್ನ ಮನೆಗೆ ಕಳಿಸಿಕೊಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು, ಉಳಿದದ್ದು ಅಂಚಿನಲ್ಲಿ.

ಇಲ್ಲಿಂದ ಮುಂದಕ್ಕೆ ಅತ್ತೆ ಓದಬಾರದು: ಮಾವ, ಆ ಮೂಲೆಯಲ್ಲಿ ನಿಮ್ಮ ಮುಂದಿದ್ದ ಗ್ಲಾಸು ಆಗಲೇ ಅರ್ಧ ಖಾಲಿಯಾಗಿತ್ತು.