ಹದಿನೈದನೆಯ ಕೋಲು

ಸೀವುಡ್ಸ್
ಸೋಮವಾರ, ೧೩ ಅಕ್ಟೋಬರ್ ೨೦೨೫

ನನ್ನ ಹಟಮಾರಿ ಪ್ರೇಕ್ಷಾ,

ಫೋನಿನಲ್ಲಿ ಪಪ್ಪನ ಹೆಸರೆತ್ತಿದ ಕೂಡಲೇ ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಾವನ ಮಗ ಲತೇಶ್ ನಾಳೆ ಪುಣೆಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಬೇಕಾದರೆ ಹಿಂದಿಯಲ್ಲೇ ಉತ್ತರ ಬರೆ. ಆದರೆ ಪೂರ್ತಿ ಓದು.

ಪಪ್ಪ ಕರೆದರೆ ಮಾತ್ರ ದೀಪಾವಳಿಗೆ ಬರುತ್ತೇನೆಂದು ನೀನು. ಅವಳು ಮೊದಲು ಕ್ಷಮೆ ಕೇಳಲಿ ಎಂದು ಅವರು. ಜೂನ್‌ನಿಂದ ಇದೇ ಪಾಡು. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಅಂದು ಊಟದ ಮೇಜಿನಲ್ಲಿ ಪಪ್ಪನ ಗಾಲ್ಫ್ ಕೋಲುಗಳ ಬಗ್ಗೆ ನೀನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಟೂರ್ನಿ ಆಡಿ ಸಂಪಾದಿಸುವ ನಿಮ್ಮಂಥ ಹುಡುಗಿಯರೇ ಮೂರನೇ, ನಾಲ್ಕನೇ ನಂಬರಿನ ಉದ್ದದ ಐರನ್ ಕೋಲುಗಳನ್ನು ಮನೆಯಲ್ಲಿಟ್ಟು, ಚೆಂಡನ್ನು ತಾನಾಗಿ ಮೇಲಕ್ಕೆತ್ತುವ ದಪ್ಪ ತಲೆಯ ಹೈಬ್ರಿಡ್ ಹಿಡಿಯುತ್ತೀರಿ. ಪಪ್ಪನ ಬೀಸು ನಿಮ್ಮದಕ್ಕಿಂತ ನಿಧಾನ. ಆದರೂ ಟೀವಿಯಲ್ಲಿ ಆಡುವ ಗಂಡಸರನ್ನು ನೋಡಿ ಬ್ಯಾಗ್ ತುಂಬಿಸುತ್ತಾರೆ. ಆ ಐರನ್ನಿನಿಂದ ನೆಲಕ್ಕೆ ಗುದ್ದಿ ಗುದ್ದಿಯೇ ಅವರ ಭುಜ ಹರಿದದ್ದು. ಇನ್ನೊಮ್ಮೆ ಹಾಗಾದರೆ ಕೈ ಮೇಲೆತ್ತುವುದೇ ಕಷ್ಟ ಎಂದು ಐರೋಲಿಯ ಡಾಕ್ಟರು ಹೇಳಿದ್ದು ನಿನಗೂ ಗೊತ್ತು.

ಹೇಳಿದ್ದು ಸರಿ. ಪುಂಡರೀಕಾಕ್ಷರ ಎದುರು ಹೇಳಿದ್ದು ಸರಿಯಲ್ಲ. ಠಾಣೆಯಲ್ಲಿ ಅವರದೂ ಹೋಟೆಲು, ಪಪ್ಪನಿಗೆ ಆಟದಲ್ಲೂ ವ್ಯಾಪಾರದಲ್ಲೂ ಅವರೇ ಪೈಪೋಟಿ. ಅವರು ನಕ್ಕದ್ದಕ್ಕೇ ಪಪ್ಪ ಕೂಗಾಡಿದ್ದು. "ಹೆಂಗಸರ ಕೋಲು ಹಿಡ್ಕೊಂಡು ಆಡ್ಲಿಕ್ಕೆ ನಂಗೆ ಎಂತ ಆಗಿದೆ?" ಎಂದರು. ನೀನು ಅರ್ಧ ಊಟಕ್ಕೇ ಎದ್ದು ಹೋದೆ. ನಿನ್ನ ಹಳೆಯ ಹೈಬ್ರಿಡ್, ಹಿಡಿಗೆ ಕೆಂಪು ಟೇಪು ಸುತ್ತಿದ್ದು, ಬಾಲ್ಕನಿಯಲ್ಲೇ ಉಳಿಯಿತು.

ನಿನ್ನೆ ಖಾರ್ಘರ್‌ನಲ್ಲಿ ಹೋಟೆಲಿನವರ ಕಪ್ ಪಂದ್ಯ. ಭುಜದ ಆಪರೇಷನ್ ಆದ ಮೇಲೆ ಪಪ್ಪನ ಮೊದಲ ಆಟ. ಬ್ಯಾಗಿನಲ್ಲಿ ಮತ್ತೆ ಅದೇ ತ್ರೀ ಐರನ್. ಡೊಂಬಿವ್ಲಿಯ ಹೋಟೆಲನ್ನು ಮ್ಯಾನೇಜರ್ ಜಯಶೀಲನಿಗೆ ಬಿಟ್ಟು ಬೆಳಿಗ್ಗೆಯೇ ಹೊರಟರು. ನಾನೂ ಜೊತೆಗೆ ಹೋದೆ.

ಮೊದಲೆರಡು ಹೋಲ್ ಹೇಗೋ ಕಳೆಯಿತು. ಮೂರನೆಯದಕ್ಕೆ ನೀರು ಅಡ್ಡ. ಪಪ್ಪ ತ್ರೀ ಐರನ್ನಿಗೆ ಕೈ ಹಾಕಿದಾಗ ನನಗೆ ಡಾಕ್ಟರ ಮಾತು ನೆನಪಾಯಿತು. ಎಲ್ಲರ ಬ್ಯಾಗಿನ ಮೇಲೂ ಪುಂಡರೀಕಾಕ್ಷರಿಗೆ ಕಣ್ಣು ಎಂಬುದು ನಿನಗೆ ಗೊತ್ತಲ್ಲ. ಪಪ್ಪನದನ್ನೂ ಸುಮ್ಮನೆ ಎಣಿಸಿದರು.

"ಲೀಲಣ್ಣ, ಇದೆಂತ ಮಾರಾಯ್ರೆ? ಹದಿನೈದುಂಟಲ್ಲ!"

ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಬಾರದು. ನಾಲ್ಕು ಪೆಟ್ಟಿನ ದಂಡ ಬಿತ್ತು. ಹೆಚ್ಚಿನದು ಯಾವುದೆಂದು ನೋಡಿದರೆ ಕೆಂಪು ಟೇಪಿನ ನಿನ್ನ ಹೈಬ್ರಿಡ್. ಜೊತೆಗೆ ಆಡುತ್ತಿದ್ದ ಕಮಲಾಕ್ಷಣ್ಣ ನಗು ತಡೆಯಲಾರದೆ, "ಮಗಳದ್ದನ್ನು ಕದ್ದು ತಂದದ್ದಾ?" ಎಂದು ಕೇಳಿಯೇ ಬಿಟ್ಟರು. ಪಪ್ಪನ ಕಿವಿ ಕೆಂಪಾಯಿತು. ತನಗೆ ಗೊತ್ತೇ ಇಲ್ಲ ಎನ್ನಬಹುದಿತ್ತು. "ನಾನೇ ತಂದದ್ದು. ಈಗ ಎಂತ?" ಎಂದರು.

ಹದಿನೈದರಲ್ಲಿ ಯಾವುದನ್ನು ಆಟದಿಂದ ತೆಗೆಯಬೇಕೆಂಬುದು ಆಡುವವರ ಇಷ್ಟ. ಅವರು ನಿನ್ನದನ್ನು ಹೊರಗೆಳೆದರು. ಆ ಕೆಂಪು ಟೇಪನ್ನೇ ನೋಡುತ್ತಾ ನಿಂತರು. ಅದನ್ನು ಬಿಸಾಡಿದರೆ ಈ ಜನ್ಮದಲ್ಲಿ ನಿಮ್ಮಿಬ್ಬರನ್ನು ಒಂದೇ ಮೇಜಿಗೆ ಕೂರಿಸಲಾರೆ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಅವರು ಇನ್ನೊಂದು ಕೈಯಲ್ಲಿದ್ದ ತ್ರೀ ಐರನ್ನನ್ನು ತಲೆಕೆಳಗಾಗಿ ಬ್ಯಾಗಿಗೆ ತುರುಕಿ, ಇದು ಇನ್ನು ಆಟದಲ್ಲಿಲ್ಲ ಎಂದರು. ನಿನ್ನ ಕೋಲಿನಿಂದಲೇ ಹೊಡೆದರು.

ಎಲ್ಲರೂ ಚೆಂಡನ್ನು ನೋಡಿದರು, ನಾನು ಅವರ ಭುಜ ನೋಡಿದೆ. ಕೈ ಸಲೀಸಾಗಿ ಮೇಲೆ ಹೋಗಿ ಅಲ್ಲೇ ನಿಂತಿತು. ಮುಖದಲ್ಲಿ ನೋವಿಲ್ಲ. ಚೆಂಡು ನೀರು ದಾಟಿ ಮರಳಿನ ಅಂಚಿಗೆ ಬಿತ್ತಂತೆ.

ಕಪ್ ಮೂರು ಪೆಟ್ಟಿನ ಅಂತರದಲ್ಲಿ ಪುಂಡರೀಕಾಕ್ಷರ ಪಾಲಾಯಿತು. ದಂಡ ಇಲ್ಲದಿದ್ದರೆ ಪಪ್ಪನದೇ. ಕಾರಿನಲ್ಲಿ ಬೈಯುತ್ತಾರೆಂದು ಕಾದೆ. ಬೇಲಾಪುರ ದಾಟಿದ ಮೇಲೆ ಒಂದೇ ಮಾತು ಹೇಳಿದರು: "ಅಷ್ಟು ಸಿಟ್ಟಲ್ಲಿ ಹೋಗುವಾಗ್ಲೂ ನನ್ನ ಬ್ಯಾಗಿಗೆ ಇಟ್ಟು ಹೋಗಿದ್ದಾಳೆ ನೋಡು." ಆಮೇಲೆ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಇಂದು ಸಂಜೆ ನಿನಗೆ ಫೋನು ಮಾಡಲೆಂದು ಎರಡು ಸಲ ಮೊಬೈಲು ತೆಗೆದು ಮತ್ತೆ ಕೆಳಗಿಟ್ಟರು. ಅವರು ಮಾಡಿದರೆ ಎತ್ತು. ಮಾಡದಿದ್ದರೂ ಹೊರಟು ಬಾ.

ಬಾಗಿಲು ತೆರೆದೇ ಕಾಯುವ
ನಿನ್ನ ಅಮ್ಮ
ವಿಮಲಾ

ಮರೆತ ಮಾತು: ಆ ಕೋಲನ್ನು ಬ್ಯಾಗಿಗೆ ಹಾಕಿದ್ದು ನಾನು, ಪಂದ್ಯದ ಹಿಂದಿನ ದಿನ. ಅಮ್ಮನಿಗೆ ಪಾಪ ಹದಿನಾಲ್ಕರ ಲೆಕ್ಕ ತಿಳಿಯದು ಎಂದುಕೊಳ್ಳಬೇಡ. ಶಾಲೆಯ ದಿನಗಳಿಂದ ನಿನ್ನ ಬ್ಯಾಗ್ ಎಣಿಸಿ ಕಟ್ಟಿಕೊಟ್ಟವಳು ನಾನೇ. ಪಪ್ಪ ಕೇಳಿದರೆ, ಹೌದು, ನಾನೇ ಇಟ್ಟು ಹೋದೆ ಅನ್ನು.