ಹತ್ತಿ ಹಗ್ಗ, ಉಣ್ಣಿ ಕುಣಿಕೆ

ಹಿಪ್ಪರಗಿ
ಶನಿವಾರ, ೨೦ ನವೆಂಬರ್ ೨೦೦೪

ಚಿ. ಸೌ. ಮಾಲಾಗೆ,

ಇಲ್ಲಿಂದಲೇ ನಿನ್ನ ತಲೆ ಸವರಿ ಹರಸಿ, ನಿನ್ನ ಮಾವ ಅಮಸಿದ್ದಪ್ಪ ಬರೆಯುತ್ತಿದ್ದೇನೆ. ಮೈ ಹೇಗಿದೆ ನಮ್ಮವ್ವಾ? ಬಾಣಂತಿಯ ಮೈ ಹಸಿ ಮೈ, ತಣ್ಣೀರಿಗೆ ಕೈ ಹಾಕಬೇಡ, ಕಿವಿಗೆ ಅರಿವೆ ಕಟ್ಟಿಕೊಳ್ಳದೆ ಅಂಗಳಕ್ಕೆ ಬರಬೇಡ. ಇದನ್ನು ನಾನು ಹೇಳುತ್ತಿಲ್ಲ, ಪಕ್ಕದಲ್ಲಿ ಕುಳಿತು ನಿನ್ನ ಅತ್ತೆ ಸಾತವ್ವ ಬರೆಸುತ್ತಿದ್ದಾಳೆ. ಮೊಮ್ಮಗಳು ಹಾಲು ಚೆನ್ನಾಗಿ ಕುಡಿಯುತ್ತಾಳೆ ತಾನೆ? ಪೂನಮ್ ಅಂತ ಹೆಸರಿಟ್ಟಿದ್ದೀರಿ, ಚಲೋ ಆಯಿತು. ಆದರೆ ನಿನ್ನ ಅತ್ತೆಯ ಬಾಯಿಗೆ ಅದು ಬರುತ್ತಿಲ್ಲ, ಓಣಿಯಲ್ಲೆಲ್ಲ ಪೂನವ್ವ, ಪೂನವ್ವ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ಕೂಸು ಮಗ್ಗದ ಖಟಖಟ ಸದ್ದಿನಲ್ಲೇ ಮಲಗುತ್ತದೆ, ಕರೆಂಟ್ ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತದೆ ಎಂದು ನಿಮ್ಮವ್ವ ಬೋರವ್ವ ಹೇಳಿ ಕಳಿಸಿದ್ದರು. ಹಾಗಾದರೆ ಇಲ್ಲಿ ಏನು ಗತಿ? ನಮ್ಮದು ಮಗ್ಗವಿಲ್ಲದ ಮನೆ. ನಾನೇ ತೊಟ್ಟಿಲ ಪಕ್ಕ ಕುಳಿತು ತಾಟು ಬಡಿಯುತ್ತ ಮಲಗಿಸಬೇಕೇನೋ. ಬಡಿಯುತ್ತೇನೆ, ನನಗೇನು ಬೇರೆ ಕೆಲಸ.

ಫೋನು ಮಾಡಬಹುದಿತ್ತು. ಆದರೆ ನಿನ್ನ ತವರಿನ ಓಣಿಯ ಫೋನು ಇರುವುದು ನೂಲಿನ ಅಂಗಡಿಯಲ್ಲಿ. ನೀನು ಹಲೋ ಅನ್ನುವಷ್ಟರಲ್ಲಿ ಬನಹಟ್ಟಿಯ ಅರ್ಧ ಮಂದಿ ಕಿವಿ ಕೊಟ್ಟು ನಿಂತಿರುತ್ತಾರೆ. ಬಾಯಿ ಮಾತು ಕಳಿಸಿದರೆ ಏನಾಗುತ್ತದೆ ಎಂಬುದನ್ನು ಈಗಾಗಲೇ ಕಂಡಿದ್ದೇವೆ. ನೂಲಿನ ಟೆಂಪೋ ಹೊಡೆಯುವ ಗಿರಮಲ್ಲಪ್ಪ ನಿನಗೆ ಸುದ್ದಿ ಮುಟ್ಟಿಸಿದನಂತಲ್ಲ, "ನೀ ಹೆಣೆದ ಹಗ್ಗಾನ ನಿನ್ನ ಗಂಡನ್ನ ಗಿಡದಿಂದ ಕೆಡವತಿತ್ತ ನೋಡವಾ" ಅಂತ. ಅವನ ಟೆಂಪೋಕ್ಕೆ ಹಾರ್ನ್ ಇಲ್ಲ, ಆ ಕೆಲಸವನ್ನು ಅವನ ಬಾಯಿಯೇ ಮಾಡುತ್ತದೆ. ಅದನ್ನು ಕೇಳಿ ನೀನು ಊಟ ಬಿಟ್ಟು ಕುಳಿತೆಯಂತೆ, ಹಾಲುಣಿಸುವ ತಾಯಿ ಊಟ ಬಿಡುವುದು ಯಾವ ಊರಿನ ಶಾಣ್ಯಾತನ? ಮೇಲೆ ಅವನ ಕೈಯಲ್ಲೇ ಮಾತು ಕಳಿಸಿದೆ: "ಆ ಹಗ್ಗಾ ಸುಟ್ಟ ಬಿಡ್ರಿ. ಇನ್ನ ನನ್ನ ಕೈಲೆ ಆ ಮನ್ಯಾಗ ಏನೂ ಕಟ್ಟಂಗಿಲ್ಲ." ಈ ಮಾತಿಗೆ ನನಗೆ ಮೊದಲು ಸಿಟ್ಟು, ಆಮೇಲೆ ಕನಿಕರ ಬಂತು. ನನ್ನ ಮಗ ಸಂಜು ನಿನ್ನನ್ನು ನೋಡಲು ಬಂದರೆ ಕೂಸನ್ನು ಅವನ ತೊಡೆಗೆ ಹಾಕಿ ಗೋಡೆ ಕಡೆ ತಿರುಗಿ ಕುಳಿತೆಯಂತೆ. ಅವನೋ ಗಿಡದ ಮೇಲೆ ಹುಲಿ, ನಿನ್ನ ಮುಂದೆ ಇಲಿ. ಒಂದು ಮಾತನ್ನೂ ನೆಟ್ಟಗೆ ಹೇಳದೆ ಎದ್ದು ಬಂದ. ಅದಕ್ಕೇ ಪೂರ್ತಿ ಸುದ್ದಿಯನ್ನು ನಾನು ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನ ಅಕ್ಷರ, ಕುರಿ ಹಿಕ್ಕೆ ಚೆಲ್ಲಿದಂತಿದೆ, ಸಾವಕಾಶ ಓದು.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ದುಃಖದಲ್ಲಿ ನೀನು ಮೊದಲನ್ನೇ ಮರೆತಿದ್ದೀ. ಆ ಹಗ್ಗ ಯಾಕೆ ಬಂತು? ಬೇಸಿಗೆಯಲ್ಲಿ ಹೊಳೆ ದಂಡೆಯ ಬೇವಿನ ಗಿಡದ ಮೇಲೆ ಸಂಜು ಗರಗಸದ ಮಷೀನು ಹಿಡಿದು ಟೊಂಗೆ ಕೊಯ್ಯುತ್ತಿದ್ದಾಗ, ಬೆವತ ಕೈಯಿಂದ ಅದು ಜಾರಿ, ರೊಟ್ಟಿ ತಂದಿದ್ದ ನಿನ್ನ ಅತ್ತೆಯ ಕಾಲ ಬಳಿ ಬಿತ್ತು. ಬುಟ್ಟಿ ಎರಡು ತುಂಡಾಯಿತು. ಅವಳು ಇವತ್ತಿಗೂ ಬುಟ್ಟಿ ಹೋಯಿತೆಂದು ಹಲುಬುತ್ತಾಳೆ, ಕಾಲು ಉಳಿದದ್ದು ಅವಳಿಗೆ ಲೆಕ್ಕಕ್ಕೇ ಇಲ್ಲ. ಆಗ ನೀನು ಬಸುರಿ. "ಮಷೀನ್ ನಡಕ್ಕ ಕಟಗೊಳ್ಳದ ಗಿಡಾ ಏರಿದ್ರ, ತವರಿಗಿ ಹೋದಾಕಿ ತಿರಗಿ ಬರಂಗಿಲ್ಲ" ಎಂದು ಹಠ ಹಿಡಿದೆ. ನಿಮ್ಮಣ್ಣನಿಂದ ಹತ್ತಿ ನೂಲು ತರಿಸಿ, ಕಟ್ಟೆಯ ಮೇಲೆ ಕುಳಿತು ಹೆಣೆದೆ. ಎತ್ತು ಕಟ್ಟಬಹುದಾದಂಥ ಹಗ್ಗ. ಗಂಡನನ್ನು ಕಟ್ಟಿ ಹಾಕಲು ಹೆಣೆಯುತ್ತಿದ್ದಾಳೆ ಎಂದು ಓಣಿಯವರು ನಕ್ಕರು, ನಾನೂ ನಕ್ಕೆ. ಆದರೆ ಅದನ್ನು ಕಟ್ಟಿಕೊಂಡ ಮೇಲೆ ಮಷೀನು ಒಮ್ಮೆಯೂ ನೆಲ ಕಾಣಲಿಲ್ಲ. ಎಷ್ಟೋ ಸಲ ಕೈ ಜಾರಿತು, ಪ್ರತಿ ಸಲವೂ ನಿನ್ನ ಹಗ್ಗಕ್ಕೆ ಜೋತು ನಿಂತಿತು. ಕೆಳಗೆ ನಿಂತು ಅವನಿಗೆ ನೆರವಾಗುವ ಭೀಮಪ್ಪನ ತಲೆ ಇವತ್ತು ಅವನ ಹೆಗಲ ಮೇಲಿದ್ದರೆ ಅದಕ್ಕೆ ನಿನ್ನ ಹಗ್ಗವೇ ಕಾರಣ. ಇದನ್ನು ಗಿರಮಲ್ಲಪ್ಪ ಹೇಳಿದನೇ? ಹೇಳಲಿಲ್ಲ.

ಇನ್ನು ಆ ದಿನದ್ದು. ಕಬ್ಬಿನ ಹಂಗಾಮು ಶುರುವಾಗಿದೆಯಲ್ಲ, ಟ್ರ್ಯಾಕ್ಟರ್ ಮೇಲೆ ಮನೆಯೆತ್ತರ ಕಬ್ಬು ಹೇರಿಕೊಂಡು ಹೋಗುವಾಗ ಟೊಂಗೆ ತಾಗುತ್ತವೆ ಎಂದು ರಬಕವಿ ರಸ್ತೆಯ ಹುಣಸೆ ಗಿಡಗಳನ್ನು ಸವರುವ ಕೆಲಸ ಸಂಜುಗೆ ಸಿಕ್ಕಿದೆ. ಆಡುಗಳಿಗೆ ತಿನ್ನಲು ಎಲೆ ತಪ್ಪಲು ಸಿಗುತ್ತದೆಂದು ನಾನೂ ಹೋಗಿದ್ದೆ. ಸಂಜು ತನ್ನ ನಡುಪಟ್ಟಿಯನ್ನು ಒಂದು ಹಗ್ಗದಿಂದ ಗಿಡದ ಬೊಡ್ಡೆಗೆ ಬಿಗಿದುಕೊಂಡಿದ್ದ, ಇನ್ನೊಂದು ಮಗ್ಗುಲಿಗೆ ನಿನ್ನ ಹಗ್ಗ, ಅದರ ತುದಿಗೆ ಮಷೀನು. ತೊಡೆ ಗಾತ್ರದ ಟೊಂಗೆ. ಮುರಿಯುವಾಗ ಸಿಬಿರೆದ್ದು ಸೀಳಬಾರದೆಂದು ಮೊದಲು ಅಡಿಯಿಂದ ಕೊಯ್ಯತೊಡಗಿದ, ತುಸು ಹೆಚ್ಚೇ ಒಳಗೆ ಹೋದ. ಟೊಂಗೆ ಬಾಗಿ, ಕೊಯ್ದ ಬಾಯಿ ಮುಚ್ಚಿಕೊಂಡು, ಮಷೀನನ್ನು ಕಚ್ಚಿ ಹಿಡಿಯಿತು. ಎಂಜಿನ್ ಆರಿಸಿ ಬಿಡಿಸಲು ಅಲುಗಾಡಿಸುತ್ತಿದ್ದಾಗ ಟೊಂಗೆ ಲಟಕ್ಕನೆ ಮುರಿದು, ಕಚ್ಚಿದ್ದನ್ನು ಬಿಡದೆ ಕೆಳಗೆ ಹೊರಟಿತು. ಮಷೀನಿನ ಹಿಂದೆ ಹಗ್ಗ, ಹಗ್ಗದ ಹಿಂದೆ ನನ್ನ ಮಗ. ಒಂದು ಕಡೆ ಬೊಡ್ಡೆ ಹಿಡಿದಿದೆ, ಇನ್ನೊಂದು ಕಡೆ ಟೊಂಗೆ ಜಗ್ಗುತ್ತಿದೆ, ನಡುವೆ ಸಂಜು ಹಿಂಡಿದ ಅರಿವೆಯಂತಾದ. ಟೊಂಗೆಯ ತುದಿ ನೆಲಕ್ಕೆ ಊರಿ ನಿಂತದ್ದು ನಮ್ಮ ದೇವರು ಬೀರಪ್ಪನ ದಯೆ. ಸಂಜು ನಡುವಿಗೆ ಸಿಕ್ಕಿಸಿದ್ದ ಕುಡಗೋಲು ಕಿತ್ತು ನಿನ್ನ ಹಗ್ಗವನ್ನು ಎರಡು ತುಂಡಾಗಿ ಕೊಯ್ದುಕೊಂಡು ಉಳಿದ. ನನ್ನ ಕೈಯಲ್ಲಿದ್ದ ತಪ್ಪಲು ಎಲ್ಲಿ ಬಿತ್ತೋ ತಿಳಿಯದು. ಅಂಜಿದೆ ಮಾಲಾ, ಬಹಳ ಅಂಜಿದೆ. ಅವನ ನಡುವಿನ ಸುತ್ತ ಹಗ್ಗದ ಬರೆ ಮೂಡಿತ್ತು, ಅರಿಷಿಣ ಹಚ್ಚಿ ಹಚ್ಚಿ ಈಗ ಅದೂ ಮಾಯುತ್ತಿದೆ. ರೊಟ್ಟಿ ತಿನ್ನುವುದರಲ್ಲಿ ಏನೂ ಕಡಿಮೆಯಾಗಿಲ್ಲ, ಬೇಕಾದರೆ ನಿನ್ನ ಅತ್ತೆಯನ್ನು ಕೇಳು.

ಇದರಲ್ಲಿ ನಿನ್ನ ಹಗ್ಗದ ತಪ್ಪೇನಿದೆ? ಹಿಡಿ ಎಂದು ಹೇಳಿ ಹೆಣೆದೆ, ಹಿಡಿಯಿತು. ಯಾವಾಗ ಬಿಡಬೇಕು ಎಂಬುದನ್ನು ಅದಕ್ಕೆ ನಾವ್ಯಾರೂ ಹೇಳಿರಲಿಲ್ಲ. ಮರುದಿನ ಕುರಿ ಹಟ್ಟಿಯಲ್ಲಿ ಕುಳಿತಾಗ ನಮ್ಮಪ್ಪ ನೆನಪಾದ. ಕುರಿಮರಿಗೆ ಹತ್ತಿ ಹಗ್ಗ ಕಟ್ಟಲು ಅವನು ಬಿಡುತ್ತಿರಲಿಲ್ಲ, ಕುರಿಯ ತುಪ್ಪಳದಿಂದ ನೂತ ಉಣ್ಣಿ ದಾರವೇ ಆಗಬೇಕು. "ಅಂಜಿದ ಮರಿ ಜಗ್ಗಿದ್ರ ದಾರ ಹರೀಬೇಕಲೇ, ಮರಿ ಕುತ್ತಿಗಿ ಅಲ್ಲ" ಎನ್ನುತ್ತಿದ್ದ. ಹಿಂದೆಯೇ ನಿನ್ನ ಮದುವೆಯ ಹಂದರವೂ ನೆನಪಾಯಿತು. ನಮ್ಮದು ಉಣ್ಣಿ ಕಂಕಣದ ಮನೆತನ, ನಿಮ್ಮದು ಹತ್ತಿ ಕಂಕಣದ್ದು. ಮದುಮಕ್ಕಳ ಕೈಗೆ ಯಾವ ದಾರ ಕಟ್ಟಬೇಕು ಎಂದು ಹಿರಿಯರು ಹಂದರದಲ್ಲೇ ವಾದಕ್ಕೆ ಕುಳಿತರು, ಅದರಲ್ಲಿ ನನ್ನ ದನಿಯೇ ದೊಡ್ಡದಿತ್ತು, ಅನ್ನ ಆರಿ ಹೋಗುತ್ತಿತ್ತು. ಆಗ ನಿಮ್ಮವ್ವ ಒಳಗಿಂದ ಬಂದು, "ಕೈ ಎರಡ ಅದಾವಲ್ರಿ, ಎರಡೂ ಕಟ್ರಿ, ಮಂದಿ ಹಸದಾರ" ಅಂದರು. ಕಟ್ಟಿದೆವು, ಉಂಡೆವು, ಯಾವ ದೇವರೂ ಸಿಟ್ಟಾಗಲಿಲ್ಲ. ಹಾಗಾದರೆ ಇಲ್ಲಿಯೂ ಎರಡನ್ನೂ ಯಾಕೆ ಕಟ್ಟಬಾರದು ಅನ್ನಿಸಿತು. ನಿನ್ನ ಹಗ್ಗ ಹಾಗೇ ಇರಲಿ, ಅದರ ತುದಿಗೂ ಮಷೀನಿಗೂ ನಡುವೆ ಒಂದು ಉಣ್ಣಿ ಕುಣಿಕೆ ಬರಲಿ. ಕೈ ಜಾರಿದರೆ ಅದು ಮಷೀನಿನ ಭಾರ ತಡೆಯಬೇಕು, ಟೊಂಗೆ ಜಗ್ಗಿದರೆ ಹರಿಯಬೇಕು. ಇಷ್ಟೇ.

ಇಷ್ಟೇ ಎಂದು ಬರೆಯುವುದು ಸುಲಭ. ಮೂಲೆಯಲ್ಲಿದ್ದ ಕದಿರು ತೆಗೆದು, ನಮ್ಮ ಕರಿ ಕುರಿಯ ಉಣ್ಣಿ ನೂತು, ಕುಣಿಕೆ ಹೊಸೆದೆ. ಅಂಗಳದ ಬೇವಿಗೆ ನಿನ್ನ ಹಗ್ಗ, ಹಗ್ಗಕ್ಕೆ ಕುಣಿಕೆ ಕಟ್ಟಿ, ಕುಣಿಕೆಯ ಇನ್ನೊಂದು ಕಡೆಗೆ ಟೊಂಗೆಯ ಬದಲಿಗೆ ನಮ್ಮ ಟಗರನ್ನು ಕಟ್ಟಿ ಓಡಿಸಿದೆವು. ಕುಣಿಕೆ ದಪ್ಪವಾಗಿತ್ತು, ಹರಿಯಲಿಲ್ಲ. ಟಗರಿನ ಕೊರಳಪಟ್ಟಿಯೇ ಕಳಚಿ, ಅದು ಹೋದ ರಭಸಕ್ಕೆ ನಿನ್ನ ಅತ್ತೆ ಒಣಹಾಕಿದ್ದ ಸೀರೆಯನ್ನು ಕೋಡಿಗೆ ಸಿಕ್ಕಿಸಿಕೊಂಡು ಗುಡಿಯ ತನಕ ಮೆರವಣಿಗೆ ಹೋಯಿತು. ಅವಳು ಕೋಲು ಹಿಡಿದು ಹಿಂದೆ ಓಡಿದಳು, ಆ ಕೋಲು ಟಗರಿಗೋ ನನಗೋ ತಿಳಿಯದೆ ನಾನು ಹಟ್ಟಿ ಸೇರಿದೆ. ಮುಂದಿನದನ್ನು ಸಣ್ಣಗೆ ಹೊಸೆದರೆ ಮಷೀನಿನ ಭಾರಕ್ಕೇ ಹರಿಯಿತು. ಕೆಳಗೆ ಕಬ್ಬಿನ ಒಣ ಎಲೆಯ ರವದಿ ಹಾಸಿದ್ದೆವು, ಇಲ್ಲದಿದ್ದರೆ ಮಷೀನಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. "ಅಪ್ಪಾ, ಇದು ಕುರಿಮರಿ ಅಲ್ಲೋ" ಎಂದು ಸಂಜು ಬೇಸತ್ತ. ನಾನು ಬಿಡಲಿಲ್ಲ. ಒಂದು ಎಳೆ ಹೆಚ್ಚು, ಒಂದು ಎಳೆ ಕಡಿಮೆ, ಹೊಸೆಯುತ್ತ ಹೋದೆ. ಕಡೆಗೊಂದು ಕುಣಿಕೆ ಮಷೀನನ್ನು ಎತ್ತಿ ಬಿಟ್ಟರೂ ತಡೆಯಿತು, ಟಗರು ಜಗ್ಗಿದಾಗ ಟಪ್ಪೆಂದು ಬಿಟ್ಟಿತು. ಈಗ ಪ್ರತಿ ರವಿವಾರ ಬೀರಪ್ಪನಿಗೆ ಕೈ ಮುಗಿದು ಬಂದು ಹೊಸದು ಹೊಸೆಯುತ್ತೇನೆ, ಹಳತು ಮಷೀನಿನ ಎಣ್ಣೆ ಕುಡಿದು ಹೇಗಾಗಿರುತ್ತದೋ ನಂಬುವಂತಿಲ್ಲ.

ಬರೀ ಕುಣಿಕೆಯಲ್ಲ, ಸಂಜು ನನ್ನೆದುರು ಬೇರೆ ಕೆಲವು ಮಾತುಗಳನ್ನೂ ಒಪ್ಪಿದ್ದಾನೆ. ಮಷೀನನ್ನು ಕೈಯಲ್ಲಿ ಹಿಡಿದು ಗಿಡ ಏರುವಂತಿಲ್ಲ, ಅವನು ಮೇಲೆ ಕುಳಿತು ತನ್ನನ್ನು ಕಟ್ಟಿಕೊಂಡ ಮೇಲೆ ಭೀಮಪ್ಪ ಬೇರೆ ಹಗ್ಗದಲ್ಲಿ ಕಳಿಸುತ್ತಾನೆ. ಒಂದು ಟೊಂಗೆ ಮುಗಿದು ಮಷೀನನ್ನು ನಡುವಿಗೆ ತೂಗು ಬಿಡುವ ಮೊದಲು ಎಂಜಿನ್ ಆರಿಸಿ ಚೈನಿನ ಬ್ರೇಕ್ ಹಾಕಬೇಕು. ಕುಣಿಕೆ ಹರಿದರೆ ಮಷೀನು ಕೆಳಗೇ ಬೀಳುವುದಲ್ಲವೇ, ಅದಕ್ಕೆ ಗಿಡದ ಸುತ್ತ ಸುಣ್ಣದ ಗೆರೆ, ಗೆರೆಯೊಳಗೆ ಯಾರೂ ಇಲ್ಲ, ರೊಟ್ಟಿ ಬುಟ್ಟಿಯಂತೂ ಮೊದಲೇ ಇಲ್ಲ. ಈಗ ನಿಜವಾದ ಸುದ್ದಿ ಕೇಳು. ಮೊನ್ನೆ ಗುರುವಾರ ಅದೇ ರಸ್ತೆಯ ಇನ್ನೊಂದು ಹುಣಸೆ ಮತ್ತೆ ಹಾಗೆಯೇ ಮಷೀನನ್ನು ಕಚ್ಚಿ, ಮುರಿದು, ಕೆಳಗೆ ಹೊರಟಿತು. ನಾನು ಗೆರೆಯಾಚೆ ಕಣ್ಣು ಮುಚ್ಚಿಕೊಂಡೆ. ಟೊಂಗೆ ಬಿದ್ದ ಸದ್ದಾಯಿತು. ತೆರೆದು ನೋಡಿದರೆ ಸಂಜು ಕವಲಿನಲ್ಲಿ ಕುಳಿತಲ್ಲೇ ಕುಳಿತಿದ್ದಾನೆ, ನಡುವಿನಿಂದ ನಿನ್ನ ಹಗ್ಗ ಜೋತಾಡುತ್ತಿದೆ, ತುದಿಯಲ್ಲಿ ಕರಿ ಉಣ್ಣಿಯ ಒಂದು ಎಳೆ. ಮಷೀನಿನ ಹಿಡಿಕೆ ಒಡೆದಿದೆ, ಒಡೆಯಲಿ ಬಿಡು. ಕೆಳಗಿಳಿದವನು ಆ ಎಳೆಯನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು, "ಇದನ್ನ ಮಾಲಾಗ ಕಳಸಪಾ" ಅಂದ. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಉಣ್ಣಿ ವಾಸನೆ ಬರುತ್ತದೆ, ಮೂಗು ಮುರಿಯಬೇಡ.

ಹೀಗಿದೆ ಸುದ್ದಿ. ನಿನ್ನ ಹಗ್ಗವನ್ನು ನಾವು ಸುಟ್ಟಿಲ್ಲ, ಸುಡುವುದೂ ಇಲ್ಲ. ಉದ್ದನೆಯ ತುಂಡು ಸಂಜುವಿನ ನಡುವಿನಲ್ಲಿದೆ, ಗಿಡ್ಡ ತುಂಡು ಮನೆಯಲ್ಲಿದೆ. ಹೊಟ್ಟೆ ತುಂಬ ಉಣ್ಣು, ಕಣ್ಣೀರು ಹಾಕಬೇಡ, ಹಾಲು ಬತ್ತುತ್ತದೆ ಎಂದು ನಿನ್ನ ಅತ್ತೆ ಹೇಳುತ್ತಿದ್ದಾಳೆ. ನಿಮ್ಮವ್ವನಿಗೆ ನಮಸ್ಕಾರ ಹೇಳು, ಹಂದರದಲ್ಲಿ ಅವರ ಮಾತೇ ಖರೆ ಇತ್ತು ಎಂದು ನಾನು ಒಪ್ಪಿದ್ದೇನೆಂದೂ ಹೇಳು. ಗಿರಮಲ್ಲಪ್ಪ ಸಿಕ್ಕರೆ ಏನೂ ಹೇಳಬೇಡ. ಪೂನವ್ವನ ಎರಡೂ ಕೆನ್ನೆಗೆ ಮುತ್ತು. ಬೀರಪ್ಪ ನಿಮ್ಮಿಬ್ಬರನ್ನೂ ತನ್ನ ಕಂಬಳಿಯೊಳಗೆ ಬೆಚ್ಚಗೆ ಇಡಲಿ.

ನಿನ್ನ ಮಾವ
ಅಮಸಿದ್ದಪ್ಪ

ತಾ.ಕ.: ಟಪಾಲಿನವನು ಬಂದು ನಿಂತಿದ್ದಾನೆ, ನಿನ್ನ ಅತ್ತೆ ಅವನಿಗೆ ನೀರು ಕೊಡಲು ಎದ್ದಳು, ಅದಕ್ಕೇ ಈಗ ಬರೆಯುತ್ತೇನೆ. ತೊಲೆಗೆ ತೊಟ್ಟಿಲ ಕೊಂಡಿ ಹಾಕಿಸಿದ್ದೇನೆ. ನಿನ್ನ ಹಗ್ಗದ ಗಿಡ್ಡ ತುಂಡನ್ನು ಅದಕ್ಕೆ ಕಟ್ಟಿ, ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಕುಳಿತು ಜೀಕಿ ನೋಡಿದೆ. ತೊಲೆ ಕಿರ್ ಅಂದಿತು, ಹಗ್ಗ ಏನೂ ಅನ್ನಲಿಲ್ಲ. ಆದರೆ ತೊಟ್ಟಿಲಿಗೆ ಅದರ ಉದ್ದ ಸಾಲುವುದಿಲ್ಲ. ಉಣ್ಣಿ ಅಲ್ಲಿ ನಡೆಯುವುದಿಲ್ಲ ಮಾಲಾ, ಅಲ್ಲಿ ಏನೇ ಆದರೂ ಬಿಡದಂಥದ್ದೇ ಬೇಕು. ಅಂಥ ಹಗ್ಗ ಹೆಣೆಯಲು ಈ ಮನೆಯಲ್ಲಿ ನಿನಗೊಬ್ಬಳಿಗೇ ಬರುತ್ತದೆ. ಹೆಣೆದುಕೊಂಡು ಬಾ. ಬಂದು ನಿನ್ನ ಕೈಯಿಂದಲೇ ಕಟ್ಟು.